ಹೆಸರಿಲ್ಲದ ಬರಹಕ್ಕೂ ಹೊಣೆಗಾರನಿದ್ದಾನೆ

(ಆನೇಕಲ್‌ನಲ್ಲಿ ಪಾಲಕರು ಮತ್ತು ಪದವೀಧರ ಯುವಕ ಯುವತಿಯರಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)





ಕೆಲವು ವಾರಗಳ ಹಿಂದೆ ಇದೇ ಊರಿನ ಹಿರಿಯರೊಬ್ಬರು ಜುಮಾ ನಮಾಝ್‌ನ ಬಳಿಕ ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅವರ ಮಗ ಬಿ.ಎ. ಮುಗಿಸಿದ್ದಾನೆ. ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಒಂದು ಮೀಡಿಯಾ ಏಜೆನ್ಸಿಯಲ್ಲಿ ಅವನಿಗೆ 'ಕಂಟೆಂಟ್ ಪ್ರೊಡ್ಯೂಸರ್' ಎಂಬ ಹುದ್ದೆ ದೊರೆತಿದೆ. "ಮೌಲಾನಾ, ಕಾರ್ಖಾನೆಯ ಕೆಲಸವಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಇದು ಎಂಥ ಕೆಲಸ? ಅವನು ಅಲ್ಲಿ ತಯಾರಿಸುವುದಾದರೂ ಏನನ್ನು? ಆ ಸಂಪಾದನೆಯನ್ನು ಮನೆಯೊಳಗೆ ತರಬಹುದೇ?" ಎಂದು ಅವರು ಕೇಳಿದರು.

ಮಸೀದಿಯ ಮೆಟ್ಟಿಲ ಮೇಲೆ ನಿಂತು ಉತ್ತರಿಸಲು ನನ್ನಿಂದ ಸಾಧ್ಯವಾಗಲಿಲ್ಲ. ಏಕೆಂದರೆ ಪತ್ರಿಕಾರಂಗಕ್ಕೆ ಬರುವ ಮುನ್ನ ಮೂರು ವರ್ಷಗಳ ಕಾಲ ನಾನೂ ಅದೇ ಕೆಲಸ ಮಾಡಿದ್ದೇನೆ. ಅದರಲ್ಲಿ ನಾಚಿಕೆಪಡಬೇಕಾದ ಒಂದು ಅಧ್ಯಾಯವೂ ಇದೆ. ಆ ಹಿರಿಯರು ಇಂದು ಈ ಸಭೆಯಲ್ಲಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರವನ್ನು ನಿಮ್ಮೆಲ್ಲರ ಮುಂದೆ ಕೊಡಲು ನಾನು ನಿಂತಿದ್ದೇನೆ.

ಮೊದಲು ಆ ಕೆಲಸದ ಸ್ವರೂಪವನ್ನು ತಿಳಿಯೋಣ. 'ಕಂಟೆಂಟ್' ಎಂಬ ಪದಕ್ಕೆ ಕನ್ನಡದಲ್ಲಿ ಹೂರಣ ಎಂಬ ಸೊಗಸಾದ ಪದವಿದೆ. ಹೋಳಿಗೆಯ ಒಳಗೆ ಹೂರಣವಿರುವಂತೆ ನಿಮ್ಮ ಮೊಬೈಲಿನ ಒಳಗೆ ನೀವು ದಿನವಿಡೀ ನೋಡುವ ಬರಹ, ಚಿತ್ರ, ವೀಡಿಯೋಗಳೆಲ್ಲವೂ ಹೂರಣ. ಅದನ್ನು ಯಾರಾದರೂ ಕುಳಿತು ತಯಾರಿಸಲೇಬೇಕು. ಬೇಕರಿಯವರು, ಆಸ್ಪತ್ರೆಯವರು, ನಿವೇಶನ ಮಾರುವವರು, ಖಾಸಗಿ ಶಾಲೆಯವರು, ಚುನಾವಣೆಗೆ ನಿಲ್ಲುವವರು ತಮ್ಮ ಪ್ರಚಾರವನ್ನು ಏಜೆನ್ಸಿಗೆ ಒಪ್ಪಿಸುತ್ತಾರೆ. ಏಜೆನ್ಸಿಯು ತಿಂಗಳಿಗೊಂದು ಪಟ್ಟಿ ಸಿದ್ಧಪಡಿಸುತ್ತದೆ. ಯಾವ ದಿನ ಯಾವ ಚಿತ್ರ, ಅದರ ಕೆಳಗೆ ಯಾವ ಸಾಲು, ಯಾವ ಹಬ್ಬಕ್ಕೆ ಯಾವ ಶುಭಾಶಯ ಎಂಬುದೆಲ್ಲ ಅದರಲ್ಲಿರುತ್ತದೆ. ಯುಗಾದಿಯ ಶುಭಾಶಯವನ್ನು ನಾನು ಬರೆದದ್ದು ಫೆಬ್ರವರಿಯಲ್ಲಿ. ರಮಝಾನ್ ಶುಭಾಶಯವನ್ನು ಬರೆದಾಗ ಚಂದ್ರದರ್ಶನಕ್ಕೆ ಇನ್ನೂ ಒಂದು ತಿಂಗಳಿತ್ತು.

ಬರೆದುದನ್ನು ಮೇಲಧಿಕಾರಿ ತಿದ್ದುತ್ತಾರೆ, ಬಳಿಕ ಹಣ ಕೊಡುವ ಗ್ರಾಹಕ ಒಪ್ಪಬೇಕು. ಅನಂತರ ಲೆಕ್ಕ ಆರಂಭವಾಗುತ್ತದೆ. ಎಷ್ಟು ಜನ ನೋಡಿದರು, ಎಷ್ಟು ಸೆಕೆಂಡು ನಿಂತರು, ಎಷ್ಟು ಮಂದಿ ಹಂಚಿಕೊಂಡರು? ಬರಹ ಸತ್ಯವೇ ಎಂಬ ಪ್ರಶ್ನೆಗೆ ಆ ಲೆಕ್ಕದ ಪುಸ್ತಕದಲ್ಲಿ ಒಂದು ಕಲಮೂ ಇರಲಿಲ್ಲ. ಬರೆದವನ ಹೆಸರು ಎಲ್ಲಿಯೂ ಬರುವುದಿಲ್ಲ. ಪತ್ರಿಕೆಯ ವರದಿಗಾರನ ಹೆಸರು ಅಚ್ಚಾಗುತ್ತದೆ, ತಪ್ಪಾದರೆ ಓದುಗರು ಸಂಪಾದಕರಿಗೆ ಪತ್ರ ಬರೆಯುತ್ತಾರೆ. ಏಜೆನ್ಸಿಯ ಬರಹಗಾರನಿಗೆ ಪತ್ರ ಬರೆಯುವವರು ಯಾರು?

ಈ ಕೆಲಸ ನಮ್ಮೂರಿಗೆ ಹೇಗೆ ಬಂತು ಎಂಬುದನ್ನೂ ಗಮನಿಸಿ. ಆನೇಕಲ್ ರೇಷ್ಮೆ ನೇಯ್ಗೆಗೆ ಹೆಸರಾದ ಊರು. 1978ರಲ್ಲಿ ಆರ್.ಕೆ. ಬಾಳಿಗ ಅವರ ನೇತೃತ್ವದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ನಮ್ಮ ತಾಲೂಕಿನ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳು ಬೆಳೆದವು. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂತು. ತಾತ ಮಗ್ಗದ ಮುಂದೆ ಕುಳಿತಿದ್ದರು, ತಂದೆ ಯಂತ್ರದ ಮುಂದೆ ನಿಂತರು, ಮಗ ಕಂಪ್ಯೂಟರಿನ ಮುಂದೆ ಕುಳಿತು ಸಾಲು ಹೆಣೆಯುತ್ತಿದ್ದಾನೆ. ಇದರಲ್ಲಿ ತಪ್ಪೇನೂ ಇಲ್ಲ.

ಆದರೆ ಒಂದು ವ್ಯತ್ಯಾಸವಿದೆ. ರೇಷ್ಮೆಯ ಬಟ್ಟೆ ಅಸಲಿಯೋ ನಕಲಿಯೋ ಎಂದು ಸಂಶಯವಾದರೆ ನಮ್ಮ ಹಿರಿಯರು ಒಂದು ಎಳೆಯನ್ನು ತೆಗೆದು ಸುಡುತ್ತಿದ್ದರು. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ನಕಲಿ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಗಾದರೆ ಮಾತನ್ನು ಪರೀಕ್ಷಿಸುವುದು ಹೇಗೆ? ಮೊಬೈಲಿನ ಪರದೆಯ ಮೇಲೆ ಸತ್ಯವೂ ಸುಳ್ಳೂ ಒಂದೇ ಬಣ್ಣದಲ್ಲಿ, ಒಂದೇ ಅಕ್ಷರದಲ್ಲಿ ಬರುತ್ತವೆ.

ಈಗ ನನ್ನ ಅಧ್ಯಾಯಕ್ಕೆ ಬರುತ್ತೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ತಪ್ಪು ನನ್ನದೂ ಆಗಿರುವುದರಿಂದ ಅವರನ್ನಷ್ಟೇ ದೂರುವುದು ನ್ಯಾಯವಲ್ಲ.

ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಮಧುಮೇಹಕ್ಕೆಂದು ಒಂದು ಪುಡಿಯನ್ನು ಮಾರುವ ಗ್ರಾಹಕರು ಬಂದರು. ಅವರ ಇಂಗ್ಲಿಷ್ ಪ್ರಚಾರವನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಬರಿಯ ಅನುವಾದ ಸಾಲದು, 'ನಮ್ಮವರೇ ಮಾತಾಡಿದಂತೆ' ಇರಬೇಕು ಎಂದರು. ನಾನು ಒಬ್ಬ ರೈತನನ್ನು ಕಲ್ಪಿಸಿದೆ, ಒಬ್ಬ ನಿವೃತ್ತ ಶಿಕ್ಷಕಿಯನ್ನು ಕಲ್ಪಿಸಿದೆ. ಮೂರು ತಿಂಗಳಲ್ಲಿ ಸಕ್ಕರೆ ಸರಿಹೋಯಿತು, ಮಾತ್ರೆಗಳನ್ನು ಬಿಟ್ಟೆವು, ಈಗ ಹಾಯಾಗಿದ್ದೇವೆ ಎಂದು ಅವರ ಬಾಯಲ್ಲಿ ಹೇಳಿಸಿದೆ. ಆ ರೈತನೂ ಇರಲಿಲ್ಲ, ಆ ಶಿಕ್ಷಕಿಯೂ ಇರಲಿಲ್ಲ. ಮದ್ರಸದಲ್ಲಿ ಕಲಿತ ಉರ್ದುವಿನ ಮಾಧುರ್ಯ, ಕಾಲೇಜಿನ ಕನ್ನಡ ತರಗತಿಯಲ್ಲಿ ಕಲಿತ ಶೈಲಿ ಎರಡನ್ನೂ ಆ ಸುಳ್ಳಿಗೆ ಧಾರೆಯೆರೆದೆ. ಆ ತಿಂಗಳು ನಮ್ಮ ವಿಭಾಗದಲ್ಲಿ ಅತಿ ಹೆಚ್ಚು ಜನ ನೋಡಿದ ವೀಡಿಯೋ ಅದೇ. ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು.

ಕೆಲವು ತಿಂಗಳ ಬಳಿಕ ನಾನು ಖಾಲಾರ ಮನೆಗೆ ಹೋದೆ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವರು ಅವರೇ. ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದರು. ಚಪ್ಪಲಿ ಕಚ್ಚಿದ ಗಾಯ ಮಾಯುತ್ತಿಲ್ಲ ಎಂದರು. ಕಪಾಟಿನಲ್ಲಿ ಆ ಪುಡಿಯ ಡಬ್ಬಿಗಳಿದ್ದವು. ಎರಡು ತಿಂಗಳಿನಿಂದ ಸಕ್ಕರೆಯ ಮಾತ್ರೆಯನ್ನು ನಿಲ್ಲಿಸಿದ್ದರು. ಮೊಬೈಲ್ ತೆಗೆದು ನನಗೆ ಆ ವೀಡಿಯೋ ತೋರಿಸಿ, "ನೋಡು ಬೇಟಾ, ಎಷ್ಟು ಮನಮುಟ್ಟುವಂತೆ ಹೇಳಿದ್ದಾರೆ!" ಎಂದರು.

ಅಂದೇ ಸಂಜೆ ಆಸ್ಪತ್ರೆಗೆ ಕರೆದೊಯ್ದೆವು. ಕಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ತಡವಾಗಿದ್ದರೆ ಪಾದವೇ ಹೋಗುತ್ತಿತ್ತೆಂದು ವೈದ್ಯರು ಹೇಳಿದರು.

ಮರುದಿನ ಮೇಲಧಿಕಾರಿಯ ಬಳಿ ಹೋಗಿ ಆ ವೀಡಿಯೋವನ್ನು ತೆಗೆಯಬೇಕೆಂದು ಕೇಳಿದೆ. "ನೀನು ಬರೆದವನು ಮಾತ್ರ, ಹೊಣೆ ಗ್ರಾಹಕರದು. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದರು. ನನ್ನನ್ನು ಬೇರೆ ಗ್ರಾಹಕರ ಕೆಲಸಕ್ಕೆ ಹಾಕಿದರು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಾನು ಆಗಲೇ ರಾಜೀನಾಮೆ ನೀಡಲಿಲ್ಲ. ಮನೆಯ ಬಾಡಿಗೆ ಇತ್ತು, ತಂಗಿಯ ಮದುವೆಯ ಸಾಲವಿತ್ತು. ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ಸಂಬಳ ಪಡೆದೆ. ಖಾಲಾರಿಗೂ ಸತ್ಯವನ್ನು ಹೇಳಲಿಲ್ಲ.

ಬಾಂಧವರೇ, 'ನೀನು ಬರೆದವನು ಮಾತ್ರ' ಎಂಬ ಆ ಮಾತು ಸರಿಯೇ? ಕಾನೂನು ಏನು ಹೇಳುತ್ತದೆ ಎಂದು ನಾನು ಆಮೇಲೆ ಓದಿದೆ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪ್ರಕಾರ ಮಧುಮೇಹವೂ ಸೇರಿದಂತೆ 54 ರೋಗ ಮತ್ತು ದೋಷಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವಂತಿಲ್ಲ. ಅಂತಹ ಜಾಹೀರಾತಿನ ಪ್ರಕಟಣೆಯಲ್ಲಿ ಯಾವ ವ್ಯಕ್ತಿಯೂ ಪಾಲ್ಗೊಳ್ಳಬಾರದು ಎಂಬುದು ಅದರ ಆಶಯ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಇರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಪುನರಾವರ್ತಿಸಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ತಯಾರಕರ ಜೊತೆಗೆ ಜಾಹೀರಾತಿನಲ್ಲಿ ಕಾಣಿಸಿಕೊಂಡು ವಸ್ತುವನ್ನು ಸಮರ್ಥಿಸುವವರಿಗೂ ಅದು ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಘವು ಪತಂಜಲಿ ಸಂಸ್ಥೆಯ ಜಾಹೀರಾತುಗಳ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಎಷ್ಟು ಕಠೋರವಾಗಿ ಮಾತನಾಡಿತೆಂಬುದು ನಿಮಗೆ ನೆನಪಿರಬಹುದು. ಕಾನೂನುಗಳು ಇಷ್ಟಿದ್ದವು. ಆ ಕಚೇರಿಯಲ್ಲಿ ಮೂರು ವರ್ಷ ಕಳೆದ ನನಗೆ ಒಂದನ್ನೂ ಯಾರೂ ಕಲಿಸಲಿಲ್ಲ. ನಾನಾಗಿಯೇ ಕೇಳಲೂ ಇಲ್ಲ.

ಇದು ಔಷಧದ ಮಾತಷ್ಟೇ ಎಂದು ಭಾವಿಸಬೇಡಿ. 2012ರ ಆಗಸ್ಟ್‌ನಲ್ಲಿ ಮೊಬೈಲಿನ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಅವನನ್ನೂ ಗೆಳೆಯರನ್ನೂ ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹರಡಲಾಗಿತ್ತು. 2020ರಲ್ಲಿ ಕೊರೋನಾ ರೋಗಕ್ಕೆ ತಬ್ಲೀಗ್ ಜಮಾಅತನ್ನು ಹೊಣೆ ಮಾಡಿದ ಕಾರ್ಯಕ್ರಮಗಳನ್ನು ನೀವು ನೋಡಿದ್ದೀರಿ. ಅದಕ್ಕಾಗಿ 2021ರ ಜೂನ್‌ನಲ್ಲಿ ಸುದ್ದಿ ವಾಹಿನಿಗಳದ್ದೇ ಆದ ಗುಣಮಟ್ಟ ಪ್ರಾಧಿಕಾರವು ಎರಡು ಕನ್ನಡ ವಾಹಿನಿಗಳಿಗೆ 1 ಲಕ್ಷ ಮತ್ತು 50 ಸಾವಿರ ರೂಪಾಯಿ ದಂಡ ವಿಧಿಸಿತು. ಈ ಪ್ರತಿಯೊಂದರ ಹಿಂದೆಯೂ ಯಾರೋ ಒಬ್ಬರು ಕುಳಿತು ಮೊದಲ ಸಾಲನ್ನು ಬರೆದಿದ್ದಾರೆ. ತಲೆಬರಹ ಕೊಟ್ಟವನು, ಚಿತ್ರಕ್ಕೆ ಕೆಂಪು ಬಣ್ಣ ಬಳಿದವನು, ಹಿನ್ನೆಲೆಗೆ ಭಯದ ಸಂಗೀತ ಸೇರಿಸಿದವನು ಇದ್ದಾನೆ. ಅವನೂ ಸಂಜೆ ಬಸ್ಸು ಹಿಡಿದು ಮನೆಗೆ ಹೋಗಿ ಮಕ್ಕಳೊಂದಿಗೆ ಊಟ ಮಾಡಿದ್ದಾನೆ. ಅವನಿಗೂ 'ನೀನು ಬರೆದವನು ಮಾತ್ರ' ಎಂದು ಯಾರಾದರೂ ಹೇಳಿರಬಹುದು.

ಇತರರತ್ತ ಬೆರಳು ತೋರಿಸುವ ಮುನ್ನ ನಮ್ಮ ಮನೆಯ ಬಾಗಿಲನ್ನೂ ನೋಡಿಕೊಳ್ಳೋಣ. ಐಎಂಎ ಪ್ರಕರಣವನ್ನು ಮರೆತಿದ್ದೀರಾ? 2006ರಲ್ಲಿ ಆರಂಭವಾದ ಆ ಸಂಸ್ಥೆ ಬಡ್ಡಿಯಿಲ್ಲದ ಹಲಾಲ್ ಲಾಭವೆಂದು ಹೇಳಿ ಹಣ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥರು ದೇಶ ತೊರೆದರು. 40 ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ಬಹುತೇಕ ದೂರುದಾರರು ನಮ್ಮ ಸಮುದಾಯದ ಸಾಮಾನ್ಯ ಕುಟುಂಬಗಳವರು. ಮಗಳ ಮದುವೆಗೆಂದು ಕೂಡಿಟ್ಟ ಹಣ, ಹಜ್ಜ್‌ಗೆಂದು ಉಳಿಸಿದ ಹಣ, ನಿವೃತ್ತಿಯ ಹಣ ಎಲ್ಲವೂ ಅಲ್ಲಿ ಮುಳುಗಿತು. ಅವರು ಯಾವ ಲೆಕ್ಕಪತ್ರವನ್ನು ನೋಡಿ ಹಣ ಹಾಕಿದರು? 'ಹಲಾಲ್' ಎಂಬ ಮೂರಕ್ಷರವನ್ನು ನಂಬಿದರು. ಧರ್ಮದ ಪದವನ್ನು ಪ್ರಚಾರದ ಪದವನ್ನಾಗಿ ಮಾಡಿದವರು ಅಪರಿಚಿತರಾಗಿರಲಿಲ್ಲ. ವಿಪರ್ಯಾಸವೆಂದರೆ ಇಂದಿಗೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಕ್ಯಾನ್ಸರ್ ಗುಣಪಡಿಸುವ ಪುಡಿ, ವರ್ಷದಲ್ಲಿ ದುಪ್ಪಟ್ಟಾಗುವ ಹಣ, ಯಾವುದೋ ದೇಶದ ಹಳೆಯ ವೀಡಿಯೋ ನಿತ್ಯ ಹರಿದಾಡುತ್ತಿವೆ. ಸುಳ್ಳನ್ನು ಸುಬ್ಹಾನಲ್ಲಾಹ್ ಎಂದು ಹೇಳಿ ಮುಂದೆ ಕಳುಹಿಸಿದರೆ ಅದು ಸತ್ಯವಾಗುವುದೇ?

ಮಾತನ್ನು ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆಗೆ ಈಗ ಬರೋಣ. ವಾಸ್ತವದಲ್ಲಿ ಇದರ ಉತ್ತರವನ್ನು ಏಜೆನ್ಸಿಗೆ ಸೇರುವ ಮೊದಲೇ ನಾನು ಮದ್ರಸದಲ್ಲಿ ಕಲಿತಿದ್ದೆ. ಹದೀಸ್ ಪಾಠದಲ್ಲಿ ಪ್ರವಾದಿಯವರ(ಸ) ಮಾತಿಗಿಂತ ಮೊದಲು ಒಂದು ಸರಪಣಿ ಬರುತ್ತದೆ. ಇಂಥವರು ಇಂಥವರಿಂದ ಕೇಳಿದರು, ಅವರು ಇಂಥವರಿಂದ ಕೇಳಿದರು ಎಂಬ ಆ ಸರಪಣಿಗೆ ಇಸ್ನಾದ್ ಎನ್ನುತ್ತಾರೆ. ಅದರ ಒಂದೊಂದು ಕೊಂಡಿಯಾದ ವ್ಯಕ್ತಿಯ ಚರಿತ್ರೆಯನ್ನು ಪರಿಶೀಲಿಸಲೆಂದೇ ಅಸ್ಮಾಉರ್ರಿಜಾಲ್ ಎಂಬ ಶಾಸ್ತ್ರ ಬೆಳೆಯಿತು. ಅವನು ಸತ್ಯವಂತನೇ, ಅವನ ನೆನಪು ಗಟ್ಟಿಯೇ, ಯಾರಿಂದ ಕೇಳಿದೆನೆನ್ನುತ್ತಾನೋ ಅವರನ್ನು ಭೇಟಿಯಾಗುವುದು ಸಾಧ್ಯವಿತ್ತೇ ಎಂದು ವಿದ್ವಾಂಸರು ವಿಚಾರಿಸಿದರು. ಒಬ್ಬ ಸಜ್ಜನನಾಗಿದ್ದರೂ ನೆನಪು ದುರ್ಬಲವಾಗಿದ್ದರೆ ಅವನ ವರದಿಯನ್ನು ದುರ್ಬಲವೆಂದೇ ಪರಿಗಣಿಸಿದರು. ಕ್ರಿ.ಶ. 870ರಲ್ಲಿ ನಿಧನರಾದ ಇಮಾಮ್ ಬುಖಾರಿಯವರು ಊರೂರು ಅಲೆದು ಮಾಡಿದ್ದು ಇದನ್ನೇ. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ನಾನು ಇದನ್ನೆಲ್ಲ ಕಂಠಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆದಿದ್ದೆ. ಆದರೆ ಕಚೇರಿಯ ಮೇಜಿನ ಮುಂದೆ ಕುಳಿತಾಗ ಆ ವಿದ್ಯೆ ಅಲ್ಲಿಯೂ ಅನ್ವಯಿಸುತ್ತದೆಂದು ನನಗೆ ಹೊಳೆಯಲಿಲ್ಲ. ಇಲ್ಲದ ರೈತನ ಹೆಸರಿನಲ್ಲಿ ಸುಳ್ಳು ಸರಪಣಿಯನ್ನು ಹೆಣೆದವನು ಹದೀಸ್ ಕಲಿತ ವಿದ್ಯಾರ್ಥಿ!

ಹಾಗಾದರೆ ನಮ್ಮ ಮಕ್ಕಳು ಈ ಕೆಲಸಕ್ಕೆ ಹೋಗಬಾರದೇ? ಖಂಡಿತ ಹೋಗಬೇಕು. ನಾವು ದೂರ ನಿಂತರೆ ನಮ್ಮ ಬಗ್ಗೆ ಬರೆಯುವವರು ಬೇರೆಯವರೇ ಆಗಿರುತ್ತಾರೆ. ನಮ್ಮ ಮನೆಯಲ್ಲಿ ದಖನಿ, ಮದ್ರಸದಲ್ಲಿ ಉರ್ದು ಮತ್ತು ಅರಬಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಇದೆ. ಇಷ್ಟು ಭಾಷೆಗಳ ನಡುವೆ ಬೆಳೆದ ಮಗು ಈ ಕ್ಷೇತ್ರಕ್ಕೆ ಬಹಳ ಬೇಕಾದ ಮಗು. ಹಾಸನದ ಬಾನು ಮುಷ್ತಾಕ್ ಅವರು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾವೆಲ್ಲ ಸಂತೋಷಪಟ್ಟೆವು. ಅವರು ಹಿಂದೆ ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು? 1980ರಲ್ಲಿ ಆರಂಭವಾದ ಆ ವಾರಪತ್ರಿಕೆ ಜಾಹೀರಾತುಗಳನ್ನೇ ಪಡೆಯದೆ ಓದುಗರ ಹಣದಿಂದ ನಡೆಯಿತು. ಎಲ್ಲರೂ ಹಾಗೆ ನಡೆಸಲಾಗದು. ಜಾಹೀರಾತಿನ ಕೆಲಸವೂ ಬದುಕಿನ ಮಾರ್ಗವೇ. ಆದರೆ ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಈ ಕ್ಷೇತ್ರಕ್ಕೆ ಬರುವಾಗ ಮಾತಿಗೆ ಹೊಣೆ ಹೊರುವ ಆ ಪರಂಪರೆಯನ್ನು ತಿಳಿದು ಬರಲಿ.

ಯುವಕ ಯುವತಿಯರಿಗೆ ನನ್ನ ಸಲಹೆ ಇಷ್ಟು. ಪ್ರತಿಯೊಂದು ಹೇಳಿಕೆಗೂ ಮೂಲವನ್ನು ಕೇಳಿ. ಅದನ್ನು ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ತಪ್ಪಾದರೆ ಪೆಟ್ಟು ಬೀಳುವುದು ಯಾರಿಗೆ? ಸಿಕ್ಕ ಉತ್ತರವನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲದ ವ್ಯಕ್ತಿಯ ಹೆಸರಿನಲ್ಲಿ ಅನುಭವ ಬರೆಯಬೇಡಿ. ಔಷಧ, ಹಣ, ಧರ್ಮ ಮತ್ತು ಸಮುದಾಯ ಈ ನಾಲ್ಕು ವಿಷಯಗಳಲ್ಲಿ ಮೌಖಿಕ ಆದೇಶದ ಮೇಲೆ ಒಂದು ಸಾಲನ್ನೂ ಬರೆಯದೆ ಲಿಖಿತ ಸೂಚನೆ ಕೇಳಿ. ಲಿಖಿತವಾಗಿ ಕೇಳಿದಾಗ ಎಷ್ಟೋ ಅಪೇಕ್ಷೆಗಳು ತಾವಾಗಿಯೇ ಮಾಯವಾಗುತ್ತವೆ. ನಿರಾಕರಿಸಬೇಕಾದಾಗ ಕೋಪದಿಂದ ಎದ್ದು ಹೋಗಬೇಡಿ. ಕಾನೂನಿನ ಹೆಸರು ಹೇಳಿ, ಬದಲಿ ಸಾಲನ್ನು ಬರೆದು ಮುಂದಿಡಿ. 'ಗುಣವಾಗುತ್ತದೆ' ಎಂಬ ಕಡೆ 'ವೈದ್ಯರನ್ನು ಕೇಳಿ, ಮಾತ್ರೆ ನಿಲ್ಲಿಸಬೇಡಿ' ಎಂದು ಬರೆಯುವ ಧೈರ್ಯ ಅಂದು ನನಗಿದ್ದಿದ್ದರೆ ಸಾಕಿತ್ತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರ ಕ್ಷಣಾರ್ಧದಲ್ಲಿ ಹತ್ತು ಸಾಲು ಬರೆದುಕೊಡುತ್ತದೆ. ಆದರೆ ಅದರ ತಪ್ಪಿಗೆ ಉತ್ತರಿಸಬೇಕಾದವನು ಮನುಷ್ಯನೇ. ಆದ್ದರಿಂದ ವೇಗವಾಗಿ ಬರೆಯುವವನಿಗಿಂತ ಪರಿಶೀಲಿಸಬಲ್ಲವನ ಅಗತ್ಯ ಇನ್ನು ಹೆಚ್ಚು.

ಪಾಲಕರಲ್ಲಿಯೂ ಒಂದು ವಿನಂತಿಯಿದೆ. ಮಗ ಮನೆಗೆ ಬಂದಾಗ ಸಂಬಳ ಎಷ್ಟು ಎಂದು ಕೇಳುವ ನಾವು, ಇಂದು ಏನು ಬರೆದೆ ಎಂದೂ ಕೇಳೋಣ. ಅವನು ಆತ್ಮಸಾಕ್ಷಿಯ ಕಾರಣದಿಂದ ಒಂದು ಕೆಲಸ ಬಿಟ್ಟು ಬಂದರೆ ನಾಲ್ಕು ತಿಂಗಳು ಅವನನ್ನು ಹಂಗಿಸದೆ ಆಸರೆಯಾಗೋಣ. ಆ ಆಸರೆಯ ಭರವಸೆ ಇಲ್ಲದೆ ಎಷ್ಟೋ ಮಕ್ಕಳು ಸುಳ್ಳಿನ ಮೇಜಿನ ಮುಂದೆ ಕುಳಿತಿದ್ದಾರೆ. ನಾನೂ ಹಾಗೆ ಕುಳಿತಿದ್ದೆ.

ಪ್ರಶ್ನೆ ಕೇಳಿದ ಹಿರಿಯರಿಗೆ ನನ್ನ ಉತ್ತರವಿದು. ನಿಮ್ಮ ಮಗ ಅಲ್ಲಿ ತಯಾರಿಸುವುದು ಜನರ ನಂಬಿಕೆಯನ್ನು. ಅಂಗಡಿಯವನ ತಕ್ಕಡಿಗೆ ಏನು ನಿಯಮವೋ ಅವನ ಲೇಖನಿಗೂ ಅದೇ ನಿಯಮ. ಅಳತೆ ತೂಕದಲ್ಲಿ ವಂಚಿಸುವವರಿಗೆ ಕುರ್‌ಆನ್ ಒಂದು ಅಧ್ಯಾಯದ ಆರಂಭದಲ್ಲಿಯೇ ಎಚ್ಚರಿಕೆ ನೀಡಿದೆ. ತೂಕ ಸರಿಯಿದ್ದರೆ ಆ ಸಂಪಾದನೆಯನ್ನು ನಿಶ್ಚಿಂತೆಯಿಂದ ಮನೆಗೆ ತನ್ನಿ.

ಕೊನೆಯದಾಗಿ ಒಂದು ಮಾತು. ಕೆಲಸ ಬಿಟ್ಟ ಮೇಲೆ ಒಂದು ದಿನ ಖಾಲಾರ ಕಾಲ ಬಳಿ ಕುಳಿತು, ಆ ವೀಡಿಯೋದ ಮಾತುಗಳನ್ನು ಬರೆದವನು ನಾನೇ ಎಂದು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ನನಗೆ ಬಂದು ಹೇಳಿದೆ, ಸರಿ. ನನ್ನ ಹಾಗೆ ನಂಬಿದ ಉಳಿದವರಿಗೆ ಯಾರು ಹೇಳುತ್ತಾರೆ ಬೇಟಾ?" ಎಂದು ಕೇಳಿದರು.

ಉಳಿದವರು ಯಾರೆಂದು ನನಗೆ ತಿಳಿಯದು. ಅವರ ವಿಳಾಸ ನನ್ನಲ್ಲಿಲ್ಲ. ಆದ್ದರಿಂದ ಕರೆದ ಕಡೆಗೆಲ್ಲ ಹೋಗಿ ಇದನ್ನು ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಮೊಬೈಲ್ ನೋಡಿ ಸಕ್ಕರೆಯ ಮಾತ್ರೆ ನಿಲ್ಲಿಸಿದ್ದರೆ ಇಂದೇ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಸತ್ಯವನ್ನೇ ಬರೆಯುವ, ಬರೆದುದಕ್ಕೆ ಉತ್ತರಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.